ಮರಳಲ್ಲಿ ನೆರಳು ಹಿಡಿಯೋದು

ಥಾರ್ ಮರುಭೂಮಿಗೆ ಹೋದವರು ಸಾಮಾನ್ಯವಾಗಿ ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸುತ್ತಾರೆ. ನಾನು ಸೂರ್ಯನನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಮರಳಿನ ಬಣ್ಣ ಎಲ್ಲ ಕಡೆ ಒಂದೇ, ಅದಕ್ಕೆ ಆಕಾರ ಕೊಡೋದು ನೆರಳು. ಮಧ್ಯಾಹ್ನ ಸಪ್ಪಗೆ ಕಾಣುವ ದಿಬ್ಬದ ಮೇಲೆ ಓರೆ ಬಿಸಿಲು ಬಿದ್ದಾಗ ನೋಡಬೇಕು. ಗಾಳಿ ಎಬ್ಬಿಸಿದ ಒಂದೊಂದು ಗೆರೆಗೂ ಒಂದು ಬದಿ ಹೊಳಪು, ಇನ್ನೊಂದು ಬದಿ ಕಪ್ಪು.

ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಲ್ಲಿ ಸಂಜೆ ಹೊತ್ತು ಜಾತ್ರೆಯೇ ಸರಿ. ಒಂಟೆ, ಜೀಪು, ಮರಳ ತುಂಬ ಹೆಜ್ಜೆ ಗುರುತು. ಅದಕ್ಕೇ ನನ್ನದು ಬೆಳಗಿನ ಪಾಳಿ. ರಾತ್ರಿ ಚೆನ್ನಾಗಿ ಗಾಳಿ ಬೀಸಿದ್ದರೆ ಹೆಜ್ಜೆಗಳೆಲ್ಲ ಅಳಿಸಿರುತ್ತವೆ. ದೇಶದ ಪಶ್ಚಿಮ ತುದಿ ಅಲ್ವಾ, ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಗಂಟೆ ಸುಮಾರು ಏಳೂವರೆ. ತಡವಾಗಿ ಏಳುವವರಿಗೆ ಹೇಳಿ ಮಾಡಿಸಿದ ಊರು! ಆದರೂ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ಆಗ ಪಶ್ಚಿಮದ ಅಂಚಿನಲ್ಲಿ ಬೂದು ನೀಲಿಯ ಪಟ್ಟಿ, ಅದರ ಮೇಲೆ ಗುಲಾಬಿ ಬಣ್ಣ ಕಾಣುತ್ತದೆ. ಆ ನೀಲಿ ಪಟ್ಟಿ ಭೂಮಿಯದೇ ನೆರಳು. ಜನ ಪೂರ್ವಕ್ಕೆ ನೋಡುತ್ತಾ ಇದನ್ನು ಸುಮ್ನೆ ಕಳೆದುಕೊಳ್ಳುತ್ತಾರೆ.

ದಿಬ್ಬ ಸಿಕ್ಕ ತಕ್ಷಣ ಹತ್ತೋದಿಲ್ಲ. ಮೊದಲು ದೂರದಿಂದ ಸುತ್ತು ಹಾಕಿ ಜಾಗ ನೋಡುತ್ತೇನೆ. ಗಾಳಿ ಬರುವ ಕಡೆ ಇಳಿಜಾರು ನಿಧಾನ, ಆಚೆ ಕಡೆ ಕಡಿದು. ಎರಡೂ ಸೇರುವ ಏಣು ಬೆಳಕು ನೆರಳಿನ ಗಡಿಯಾಗುತ್ತದೆ. ಚಿತ್ರದ ಬೆನ್ನೆಲುಬು ಅದೇ, ಅದರ ಮೇಲೆ ಕಾಲಿಡಬಾರದು.

ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ, ಅಂದರೆ ಹಗಲ ಬೆಳಕಿನ ಸೆಟ್ಟಿಂಗ್‌ಗೆ, ಕಟ್ಟಿಬಿಡುತ್ತೇನೆ. ಆಟೋ ಇಟ್ಟರೆ ಮುಂಜಾನೆಯ ಕೇಸರಿಯನ್ನು ಅದು ‘ಸರಿ’ ಮಾಡಿಬಿಡುತ್ತದೆ. ನೆರಳು ತುಸು ನೀಲಿಯಾಗಿ ಬರುತ್ತದೆ. ಬರಲಿ, ಅಲ್ಲಿ ಬೀಳೋದು ಆಕಾಶದ ಬೆಳಕೇ. ಬಿಸಿಲು ಏರಿದ ಮೇಲೆ ಚೌಕಟ್ಟಿನ ತುಂಬ ಮರಳೇ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಚಿತ್ರ ಮಂಕಾಗುತ್ತದೆ. ಆಗ ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲು ಸ್ಟಾಪ್, ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಏರಿಸಿ, ಚಿತ್ರದ ಬೆಳಕು ಕತ್ತಲಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿಕೊಳ್ಳುತ್ತೇನೆ. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಅಗಲ ನೋಟದ ವೈಡ್ ಲೆನ್ಸ್‌ನಲ್ಲಿ ಆಕಾಶ ಒಂದು ಕಡೆ ಜಾಸ್ತಿ ಕಪ್ಪಾಗುತ್ತದೆ, ಹಾಗಾಗಿ ಬಳಸೋದು ಕಡಿಮೆ.

ದಿಬ್ಬದ ಮೇಲೆ ಲೆನ್ಸ್ ಬದಲಿಸೋದಿಲ್ಲ. ಒಂದೇ ಜೂಮ್‌ನಲ್ಲಿ ಮುಗಿಸುತ್ತೇನೆ. ಗಾಜಿನ ಮೇಲೆ ಮರಳು ಕೂತರೆ ಮೊದಲು ಗಾಳಿ ಊದುವ ಬ್ಲೋವರ್, ಬಟ್ಟೆ ಆಮೇಲೆ. ರೂಮಿಗೆ ಬಂದು ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಒರೆಸುತ್ತೇನೆ. ಇಲ್ಲದಿದ್ದರೆ ಮುಂದಿನ ಸಲ ತಿರುಗಿಸುವಾಗ ಕರಕರ ಅನ್ನುತ್ತದೆ.