ಮಗು ರಚ್ಚೆ ಹಿಡಿದಾಗ ಬುದ್ಧಿಮಾತು ಆಮೇಲೆ

ಕಷ್ಟಪಟ್ಟು ಜೋಡಿಸಿದ ಗೋಪುರ ಕುಸಿದು ಬಿತ್ತು. ಮೂರು ವರ್ಷದ ಮಗು ನೆಲದ ಮೇಲೆ ಹೊರಳಾಡಿ ಅಳುತ್ತಿದೆ. ನಮ್ಮ ಬಾಯಿಗೆ ಮೊದಲು ಬರುವ ಮಾತು, ‘ಅಷ್ಟಕ್ಕೆಲ್ಲ ಅಳ್ತಾರಾ?’ ನಮಗೆ ಅದು ಅಷ್ಟೇ. ಮಗುವಿಗೆ ಅರ್ಧ ಗಂಟೆಯ ದುಡಿಮೆ!

ಒಂದರಿಂದ ನಾಲ್ಕು ವರ್ಷದವರೆಗೆ ಹೀಗೆ ರಚ್ಚೆ ಹಿಡಿಯುವುದು ಮಾಮೂಲು. ಸಿಟ್ಟನ್ನು ತಡೆದುಕೊಳ್ಳುವುದರಲ್ಲಿ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹಾಗಾಗಿ ಮಗು ಬೇಕಂತಲೇ ಸತಾಯಿಸುತ್ತಿದೆ ಎಂದುಕೊಳ್ಳಬೇಡಿ. ಅದಕ್ಕೆ ಇನ್ನೂ ಆಗುತ್ತಿಲ್ಲ, ಅಷ್ಟೇ.

ಮೊದಲ ಹೆಜ್ಜೆ ನಿಮ್ಮದು. ಎರಡು ಸಲ ನಿಧಾನಕ್ಕೆ ಉಸಿರು ಬಿಡಿ. ಕಿರುಚುತ್ತಿರುವ ಮಗುವಿಗೆ ‘ಕಿರುಚಬೇಡ’ ಎಂದು ಕಿರುಚುವುದರಿಂದ ಏನೂ ಆಗದು.

ಆಮೇಲೆ ಮಗುವಿನ ಎತ್ತರಕ್ಕೆ ಕೂತುಕೊಳ್ಳಿ. ಅದರ ಮನಸ್ಸಿನಲ್ಲಿ ಏನಾಗುತ್ತಿದೆಯೋ ಅದಕ್ಕೊಂದು ಹೆಸರು ಕೊಡಿ: ‘ಗೋಪುರ ಬಿದ್ದೋಯ್ತು, ಬೇಜಾರಾಯ್ತು ಅಲ್ವಾ?’ ಇಷ್ಟೇ ಸಾಕು. ಭಾವನೆಗೆ ಮಾತು ಸಿಕ್ಕಾಗ ಅದರ ಬಿಸಿ ಇಳಿಯುತ್ತದೆ, ದೊಡ್ಡವರಲ್ಲೂ ಹಾಗೇ. ನೀವು ಕೊಟ್ಟ ಹೆಸರು ತಪ್ಪಾದರೂ ಚಿಂತೆಯಿಲ್ಲ. ‘ಕೋಪ ಬಂತಾ?’ ಎಂದು ಕೇಳಿದ್ದಕ್ಕೆ ನನ್ನ ಮಗಳು ಒಮ್ಮೆ ಅಳುತ್ತಲೇ ‘ಕೋಪ ಅಲ್ಲ, ನಾಚಿಕೆ’ ಎಂದು ತಿದ್ದಿದ್ದಳು. ನನಗೆ ಅದು ಹೊಳೆದೇ ಇರಲಿಲ್ಲ.

ಹಾಗಂತ ಎಲ್ಲಕ್ಕೂ ತಲೆಯಾಡಿಸಿ ಎಂದಲ್ಲ. ಸಿಟ್ಟು ಬರಬಹುದು, ತಂಗಿಗೆ ಹೊಡೆಯುವ ಹಾಗಿಲ್ಲ. ಹೊಡೆಯಲು ಎತ್ತಿದ ಕೈಯನ್ನು ಮೆಲ್ಲಗೆ ಹಿಡಿದು, ‘ಹೊಡೆಯೋಕೆ ಬಿಡಲ್ಲ’ ಎಂದು ಒಂದೇ ಸಲ, ಚಿಕ್ಕದಾಗಿ ಹೇಳಿ. ಅತ್ತಿತೆಂದು ನಿಯಮ ಬದಲಿಸಬೇಡಿ. ಪ್ರೀತಿಯೂ ಇರಬೇಕು, ಗೆರೆಯೂ ಇರಬೇಕು ಎಂದು ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲೇ ಹೇಳಿದ್ದರು. ಎರಡರಲ್ಲಿ ಒಂದನ್ನೇ ಹಿಡಿದು ಜಗ್ಗುವವರೇ ನಮ್ಮಲ್ಲಿ ಜಾಸ್ತಿ.

ಬುದ್ಧಿಮಾತಿನ ಸರದಿ ಅಳು ಪೂರ್ತಿ ನಿಂತ ಮೇಲೆ. ಅದೂ ಪ್ರಶ್ನೆಯ ರೂಪದಲ್ಲಿರಲಿ: ‘ಮುಂದಿನ ಸಲ ಬಿದ್ರೆ ಏನ್ಮಾಡೋಣ?’ ಉತ್ತರ ಬರುವವರೆಗೆ ಸುಮ್ನೆ ಇರಿ. ಇದು ನಿಜಕ್ಕೂ ಕಷ್ಟ.

ಇಷ್ಟೆಲ್ಲ ಗೊತ್ತಿದ್ದೂ ಒಂದು ದಿನ ನೀವು ರೇಗಿಯೇ ರೇಗುತ್ತೀರಿ. ಆ ದಿನಕ್ಕೂ ಒಂದು ಹೆಜ್ಜೆ ಇದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಅಮೆರಿಕದ ಮನೋವಿಜ್ಞಾನಿ ಎಡ್ ಟ್ರೋನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕೂಸಿನ ಜೊತೆ ನಗುತ್ತ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖ ಕಲ್ಲು ಮಾಡಿಕೊಂಡು ಕೂರಬೇಕು. ಕೂಸುಗಳು ನಕ್ಕು, ಕೈ ಚಾಚಿ, ಕೂಗಿ ತಾಯಿಯನ್ನು ಕರೆದವು. ಆಗದಿದ್ದಾಗ ಮುಖ ತಿರುಗಿಸಿದವು, ಅತ್ತವು. ತಾಯಿ ಮತ್ತೆ ಮಾತಾಡಿಸಿದಾಗ ಮೆಲ್ಲಗೆ ಹತ್ತಿರವಾದವು. ಒಳ್ಳೆಯ ಸಂಬಂಧದಲ್ಲೂ ತಾಳ ಆಗಾಗ ತಪ್ಪುತ್ತದೆ, ಮತ್ತೆ ಕೂಡಿಸಿಕೊಳ್ಳುವುದೇ ಮುಖ್ಯ ಎನ್ನುತ್ತಾರೆ ಅವರು.

ಕೂಡಿಸಿಕೊಳ್ಳುವುದು ಹೇಗೆ? ಸಿಟ್ಟು ಇಳಿದ ಮೇಲೆ ಹತ್ತಿರ ಹೋಗಿ, ‘ನಾನು ಕಿರುಚಿದ್ದು ತಪ್ಪು. ನಿಂಗೆ ಹೆದರಿಕೆ ಆಯ್ತೇನೋ. ಸಾರಿ ಪುಟ್ಟಾ’ ಎನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ ಹಾಗೆ ಮಾಡಬಾರದಿತ್ತು’ ಎಂದು ಬಾಲ ಅಂಟಿಸಿದರೆ ಮಗುವಿಗೆ ಕೇಳಿಸುವುದು ಬಾಲ ಮಾತ್ರ. ಅದು ಮುಖ ತಿರುಗಿಸಿಕೊಂಡರೆ ಬಲವಂತ ಮಾಡಬೇಡಿ, ಪಕ್ಕದಲ್ಲೇ ಕೂತಿರಿ.

ಮಗು ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ, ಊಟ, ಆಟ ಬಿಟ್ಟಿದ್ದರೆ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ ಈ ಹೆಜ್ಜೆಗಳು ಸಾಲುವುದಿಲ್ಲ. ತಡ ಮಾಡದೆ ಮಕ್ಕಳ ವೈದ್ಯರಿಗೋ ಆಪ್ತಸಮಾಲೋಚಕರಿಗೋ ತೋರಿಸಿ.