ಆಹಾರದ ಸುದ್ದಿಯನ್ನು ನಾನು ಎಷ್ಟು ನಂಬುತ್ತೇನೆ, ಹೇಗೆ ಅಳೆಯುತ್ತೇನೆ

ಮೊಟ್ಟೆಯ ಹಳದಿ ತಿನ್ನಬೇಡಿ ಎಂದು ವರ್ಷಗಟ್ಟಲೆ ಹೇಳಿದರು. ದಿನಕ್ಕೆ 300 ಮಿಲಿಗ್ರಾಂಗಿಂತ ಜಾಸ್ತಿ ಕೊಲೆಸ್ಟ್ರಾಲ್ ಬೇಡ ಎಂಬ ಮಿತಿ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲೇ ಇತ್ತು. 2015ರ ಆವೃತ್ತಿಯಲ್ಲಿ ಆ ಮಿತಿಯನ್ನು ಕೈಬಿಟ್ಟರು. ಇಂಥದ್ದನ್ನು ಕಂಡು 'ಇವರ ಮಾತೇ ಬೇಡ' ಎಂದು ಬಿಟ್ಟುಬಿಡುವವರು ತುಂಬಾ ಜನ ಇದ್ದಾರೆ. ನಾನು ಹಾಗೆ ಬಿಡಲಿಲ್ಲ. ಅನುಮಾನ ಬೇಕು, ನಿಜ. ಆದರೆ ಎಲ್ಲದರ ಮೇಲೂ ಒಂದೇ ಸಮ ಅನುಮಾನಪಟ್ಟರೆ ಏನೂ ತಿಳಿಯುವುದಿಲ್ಲ.

ಈಗ ಸುದ್ದಿ ಕಂಡ ಕೂಡಲೇ ಮೂಲ ಸಂಶೋಧನಾ ಪ್ರಬಂಧದ ಸಾರಾಂಶ ಹುಡುಕುತ್ತೇನೆ. ಮೊದಲು ನೋಡುವುದು ಒಂದೇ: ಊಟ ಕೊಟ್ಟು ನೋಡಿದರೋ, ಕೇಳಿ ಬರೆದುಕೊಂಡರೋ?

ಕೇಳಿ ಬರೆದುಕೊಳ್ಳುವುದು ಎಂದರೆ ಏನು ಎಂದು ತಿಳಿಯಲು ಅಂಥ ಒಂದು ಪ್ರಶ್ನಾವಳಿಯನ್ನು ನಾನೇ ತುಂಬಿದೆ. 'ಕಳೆದ ಒಂದು ವರ್ಷದಲ್ಲಿ ಕ್ಯಾರೆಟ್ ಎಷ್ಟು ಸಲ ತಿಂದಿರಿ? ತಿಂಗಳಿಗೆ ಒಂದರಿಂದ ಮೂರು ಸಲವೋ, ವಾರಕ್ಕೆ ಒಂದು ಸಲವೋ?' ಪೆನ್ನು ಹಿಡಿದು ಸುಮ್ನೆ ಕೂತೆ. ಯಾರಿಗೆ ನೆನಪಿರುತ್ತದೆ ಹೇಳಿ? ಕೊನೆಗೆ ಅಂದಾಜಿನ ಮೇಲೆ ಒಂದು ಚೌಕಕ್ಕೆ ಗುರುತು ಹಾಕಿದೆ. ಸಾವಿರಾರು ಜನ ಹೀಗೆ ಹಾಕಿದ ಗುರುತುಗಳಿಂದಲೇ ಎಷ್ಟೋ ಶೀರ್ಷಿಕೆಗಳು ಹುಟ್ಟುತ್ತವೆ.

ಇನ್ನೊಂದು ತೊಡಕೂ ಇದೆ. ತರಕಾರಿ ಜಾಸ್ತಿ ತಿನ್ನುವವರು ಸಾಮಾನ್ಯವಾಗಿ ವ್ಯಾಯಾಮವನ್ನೂ ಮಾಡುತ್ತಾರೆ, ಸಿಗರೇಟನ್ನೂ ಕಡಿಮೆ ಸೇದುತ್ತಾರೆ. ಅವರ ಆರೋಗ್ಯಕ್ಕೆ ಕಾರಣ ಯಾವುದು? ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ಗೆ ಬಣ್ಣ ಕೊಡುವ ಅಂಶ) ಇರುವ ತರಕಾರಿ, ಹಣ್ಣು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತ್ತು. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಡೋಣ ಎಂದು ಫಿನ್‌ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ಇದನ್ನು ಓದಿದ ಮೇಲೆ 'ಸಂಬಂಧ ಕಂಡುಬಂದಿದೆ' ಎಂಬ ಮಾತು ಕಂಡರೆ ನಾನು ಅಲ್ಲೇ ನಿಧಾನವಾಗುತ್ತೇನೆ.

ಆಮೇಲೆ ಶೇಕಡಾವಾರು. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ 18% ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಾನು ಕೇಳುವುದು, ಯಾವುದರ ಮೇಲೆ 18%? ನೂರು ಜನರಲ್ಲಿ 5 ಮಂದಿಗೆ ಬರುವ ಕಾಯಿಲೆಯಾದರೆ, ಅದು ಸುಮಾರು 6 ಆಗುತ್ತದೆ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ತಂಬಾಕು ಇರುವ ಗುಂಪಿಗೇ ಇದನ್ನೂ ಸೇರಿಸಿದ್ದಕ್ಕೆ ಜನ ಗಾಬರಿಯಾದರು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ.

'ಬಿಟ್ಟು, ಬದಲಿಗೆ ಏನು ತಿಂದರು?' ಎಂದೂ ನೋಡುತ್ತೇನೆ. ತುಪ್ಪ, ಬೆಣ್ಣೆಯಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು ಕೆಟ್ಟದ್ದು, ಅಲ್ಲ ಎಂಬ ಜಗಳ ಅರ್ಧ ಇಲ್ಲೇ ಬಗೆಹರಿಯುತ್ತದೆ. ಅದರ ಜಾಗಕ್ಕೆ ಸಕ್ಕರೆ, ಮೈದಾ ಬಂದರೆ ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ಸೂರ್ಯಕಾಂತಿ, ಸೋಯಾದಂಥ ಎಣ್ಣೆ ಬಂದರೆ ಲಾಭ ಇದೆ.

ದುಡ್ಡು ಯಾರದ್ದು ಎಂದು ನೋಡುವುದಂತೂ ಇದ್ದೇ ಇದೆ. 1967ರಲ್ಲಿ ಹೃದ್ರೋಗದ ಹೊಣೆಯನ್ನು ಕೊಬ್ಬಿನ ಮೇಲೆ ಹೊರಿಸಿದ ಹಾರ್ವರ್ಡ್ ತಜ್ಞರ ವಿಮರ್ಶೆಗೆ ಸಕ್ಕರೆ ಉದ್ಯಮ ಹಣ ಕೊಟ್ಟಿದ್ದು 2016ರಲ್ಲಿ ಬಯಲಾಯಿತು.

ಹಾಗಾದರೆ ನಂಬುವುದು ಯಾವುದನ್ನು? ಉಪ್ಪಿನ ವಿಷಯವನ್ನು ನಂಬಿದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 412 ಜನರಿಗೆ ಊಟವನ್ನೇ ಕೊಟ್ಟು, ಉಪ್ಪನ್ನು ಮೂರು ಮಟ್ಟದಲ್ಲಿ ಬದಲಿಸಿ ನೋಡಿದರು. ಉಪ್ಪು ಇಳಿದಂತೆ ರಕ್ತದೊತ್ತಡವೂ ಇಳಿಯಿತು. ಕೇಳಿ ಬರೆದದ್ದಲ್ಲ, ಕೊಟ್ಟು ನೋಡಿದ್ದು. ಅದಕ್ಕೇ ನಾನು ಉಪ್ಪು ಕಡಿಮೆ ಮಾಡಿದೆ. ಮೊದಲು ಸಪ್ಪೆ ಅನಿಸಿತು, ಆಮೇಲೆ ನಾಲಿಗೆ ಹೊಂದಿಕೊಂಡಿತು. ನೀವೂ ಮಾಡುವುದಾದರೆ ಒಂದು ಮಾತು: ಪೊಟ್ಯಾಶಿಯಂ ಬೆರೆಸಿದ ಬದಲಿ ಉಪ್ಪು ಸಿಗುತ್ತದೆ, ಅಲ್ವಾ? ಕಿಡ್ನಿ ತೊಂದರೆ ಇರುವವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬೇಡಿ.