ನಾಲ್ಕು ಮನೆ, ಒಂದು ಸಂಪು: ಬಾಡಿಗೆ ಮನೆ ನೋಡಿಕೊಂಡ ನನ್ನ ಅನುಭವ

ಅಪ್ಪ ಹೋದ ಮೇಲೆ ಬೆಂಗಳೂರಿನ ನಮ್ಮ ಕಟ್ಟಡ ನನ್ನ ಹೆಗಲಿಗೆ ಬಂತು. 30x40 ಸೈಟು. ಕೆಳಗೆ ಅಮ್ಮ ಮತ್ತು ನಾವು. ಫಸ್ಟ್ ಫ್ಲೋರ್‌ನಲ್ಲಿ ಎರಡು ಮನೆ, ಸೆಕೆಂಡ್ ಫ್ಲೋರ್‌ನಲ್ಲಿ ಒಂದು. ತಿಂಗಳಿಗೊಮ್ಮೆ ಬಾಡಿಗೆ ತೆಗೆದುಕೊಂಡರೆ ಆಯಿತು, ಇನ್ನೇನಿದೆ ಅಂದುಕೊಂಡಿದ್ದೆ. ಆದರೆ ಮೊದಲ ವರ್ಷ ನನ್ನ ಅರ್ಧ ಓಡಾಟವೆಲ್ಲ ನೀರಿನ ಹಿಂದೆಯೇ ಆಯಿತು.

ಫಸ್ಟ್ ಫ್ಲೋರ್ ಆಂಟಿ ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿ, "ಸ್ವಲ್ಪ ಬಂದು ನೋಡಪ್ಪಾ, ಬೆಡ್‌ರೂಮ್ ಗೋಡೆಗೆ ತೇವ ಹತ್ತಿದೆ" ಅಂದರು. "ಭಾನುವಾರ ಬರ್ತೀನಿ ಆಂಟಿ" ಅಂದೆ. ಹೋಗಲಿಲ್ಲ. ಎರಡು ತಿಂಗಳಲ್ಲಿ ಪೇಂಟ್ ಹೊಪ್ಪಳೆ ಎದ್ದು, ಬೀರುವಿನ ಹಿಂದೆ ಬೂಷ್ಟು ಹಿಡಿದು, ಅವರ ರೇಷ್ಮೆ ಸೀರೆಗೂ ಕಲೆಯಾಯಿತು. ಮೇಲಿನ ಮನೆ ಬಾತ್‌ರೂಮಿನ ಟೈಲ್ ಸಂದಿಗಳಲ್ಲಿ ಗ್ರೌಟ್ ಬಿಟ್ಟುಹೋಗಿತ್ತು. ಮೊದಲೇ ನೋಡಿದ್ದರೆ ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಕೊನೆಗೆ ನೆಲದ ಟೈಲನ್ನೆಲ್ಲ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಬೇಕಾಯಿತು. ಆ ಸೀರೆಯ ವಿಷಯ ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ಅಂದಿನಿಂದ ಯಾರು ಏನು ಹೇಳಿದರೂ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದು, ಅದೇ ದಿನ ಹೋಗಿ ನೋಡುತ್ತೇನೆ.

2024ರ ಬೇಸಿಗೆ ನಮ್ಮೆಲ್ಲರಿಗೂ ನೆನಪಿದೆ ಅಲ್ವಾ? ನಮ್ಮ ಬೋರ್‌ವೆಲ್ ಬತ್ತಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿದ್ದು ಆಗಲೇ. ದುಡ್ಡು ಕೊಟ್ಟು ತರಿಸಿದ ನೀರು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಯಾವ ಮನೆಯವರು ಜಾಸ್ತಿ ಬಳಸುತ್ತಾರೆ ಅಂತ ಒಳಗೊಳಗೇ ಮಾತು ಶುರುವಾಯಿತು.

ಒಂದು ರಾತ್ರಿ ಎಲ್ಲರಿಗೂ ಬಕೆಟ್ ತುಂಬಿಟ್ಟುಕೊಳ್ಳಲು ಹೇಳಿ, ಹನ್ನೊಂದರಿಂದ ಐದರವರೆಗೆ ನಲ್ಲಿ, ಫ್ಲಶ್ ಮುಟ್ಟಬೇಡಿ ಅಂದೆ. ಟಾರ್ಚ್ ಹಿಡಿದು ಮೇಲೆ ಹೋಗಿ, ಸಾವಿರ ಲೀಟರ್ ಟ್ಯಾಂಕಿನೊಳಗೆ ಕೋಲು ಇಳಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆ ಮೂರು ಇಂಚು ಇಳಿದಿತ್ತು. ಆ ಟ್ಯಾಂಕಿನಲ್ಲಿ ಒಂದು ಇಂಚು ಅಂದರೆ ಸುಮಾರು 25 ಲೀಟರ್. ಆರು ಗಂಟೆಯಲ್ಲಿ 75 ಲೀಟರ್ ಸುಮ್ನೆ ಹರಿದುಹೋಗಿತ್ತು!

ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ಪ್ರತಿ ಮನೆಯ ಫ್ಲಶ್ ಟ್ಯಾಂಕಿಗೂ ನಾಲ್ಕು ಹನಿ ಹಾಕಿದೆ. ಅರ್ಧ ಗಂಟೆ ಫ್ಲಶ್ ಮಾಡದೆ ಕಾದೆವು. ಎರಡು ಕಮೋಡ್‌ಗಳಲ್ಲಿ ನೀಲಿ ಗೆರೆ ಇಳಿದಿತ್ತು. ಒಂದು ನಮ್ಮದೇ ಮನೆಯದು. ಒಳಗಿನ ರಬ್ಬರ್ ವಾಷರ್ ಸವೆದಿತ್ತು, ಅಷ್ಟೇ. ಬದಲಾಯಿಸಿದ ಮೇಲೆ ನೀರೂ ನಿಂತಿತು, ಮನೆಮನೆಯ ಅನುಮಾನವೂ ನಿಂತಿತು.

ಕಾಗದಪತ್ರ ಇಷ್ಟು ಕಷ್ಟವಲ್ಲ. ಕರಾರು 11 ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಪ್ರತಿ ಮನೆಗೂ ಬೇರೆ ಕರೆಂಟ್ ಮೀಟರ್ ಇದೆ. ಖಾಲಿ ಮಾಡುವವರು ಗೃಹಜ್ಯೋತಿಯಿಂದ ತಮ್ಮ ಆಧಾರ್ ಬಿಡಿಸಿಕೊಂಡರೇ ಅಂತ ಮರೆಯದೆ ಕೇಳುತ್ತೇನೆ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿ 5% ರಿಯಾಯಿತಿ ಪಡೆಯುತ್ತೇನೆ. ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ 30% ಆದಾಯ ತೆರಿಗೆ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟನ್ನು ಪೂರ್ತಿ ರಿಪೇರಿಗೇ ಎತ್ತಿಡುತ್ತೇನೆ.

ಅಡ್ವಾನ್ಸ್ ಮಾತ್ರ ಮುಟ್ಟುವುದಿಲ್ಲ, ಅದು ಅವರ ದುಡ್ಡು. ಎಫ್‌ಡಿಯಲ್ಲಿರುತ್ತದೆ. ಮನೆ ಕೊಡುವ ದಿನ ಇಬ್ಬರೂ ನಿಂತು ಗೋಡೆ, ನಲ್ಲಿ, ಕಿಟಕಿ ಫೋಟೋ ತೆಗೆಯುತ್ತೇವೆ. ಬಿಡುವ ದಿನ ಅದನ್ನೇ ನೋಡಿ ಲೆಕ್ಕ ಮುಗಿಸಿ, ಬೀಗದ ಕೈ ಪಡೆದ ಕೂಡಲೇ ಹಣ ಕೊಡುತ್ತೇನೆ.

ಮೇ ಕೊನೆಯಲ್ಲಿ ಟೆರೇಸಿನ ಮಳೆನೀರಿನ ಪೈಪ್ ಬಾಯಿಂದ ಎರಡು ಬಾಂಡ್ಲಿ ಎಲೆ ತೆಗೆದೆ. ಮೊದಲ ದೊಡ್ಡ ಮಳೆಯ ಮಾರನೆಯ ದಿನ ಆಂಟಿ ಮನೆಗೆ ಹೋಗಿ ಬೀರು ಸರಿಸಿ, ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಣಗಿತ್ತು. "ಕಾಫಿ ಕುಡಿದು ಹೋಗಪ್ಪಾ" ಅಂದರು.